ಫ್ರಿಜ್ ಮೊದಲು, ಪ್ಯಾನೆಲ್ ಆಮೇಲೆ: ಆರ್‌ವಿಗೆ ಸೌರವಿದ್ಯುತ್ ಹೊಂದಿಸುವ ಕ್ರಮ

ಅಮೆರಿಕದ ರಾಷ್ಟ್ರೀಯ ಉದ್ಯಾನಗಳನ್ನೂ ಮರುಭೂಮಿಗಳನ್ನೂ ಆರ್‌ವಿಯಲ್ಲಿ, ಅಂದರೆ ಅಡುಗೆಮನೆ, ಹಾಸಿಗೆ ಎಲ್ಲ ಇರುವ ಮನೆಯಂಥ ವಾಹನದಲ್ಲಿ ಸುತ್ತಬೇಕೆಂದು ಹೊರಡುವವರು ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ನೋಡಲೇಬೇಕಾದ ಜಾಗಗಳಲ್ಲಿ ಬಹಳಷ್ಟು ಕಡೆ ವಾಹನಕ್ಕೆ ಕರೆಂಟ್ ಸಿಗುವುದಿಲ್ಲ. ಯೆಲ್ಲೋಸ್ಟೋನ್ ಉದ್ಯಾನದೊಳಗೆ ವಿದ್ಯುತ್ ಸಂಪರ್ಕ ಇರುವುದು ಫಿಶಿಂಗ್ ಬ್ರಿಜ್ ಎಂಬ ಒಂದೇ ಆರ್‌ವಿ ಪಾರ್ಕಿನಲ್ಲಿ. ಯೊಸೆಮಿಟಿಯ ಶಿಬಿರತಾಣಗಳಲ್ಲಿ ಅದೂ ಇಲ್ಲ. ಅರಿಜೋನಾದ ಕ್ವಾರ್ಟ್‌ಸೈಟ್ ಊರಿನ ಸುತ್ತ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಸರ್ಕಾರಿ ಭೂಮಿಯಲ್ಲಿ ತಿಂಗಳುಗಟ್ಟಲೆ ಬೀಡುಬಿಡಲು ಅವಕಾಶವಿದ್ದು, ಚಳಿಗಾಲದಲ್ಲಿ ಅಲ್ಲಿಗೆ ಬರುವ ಸಾವಿರಾರು ವಾಹನಗಳೆಲ್ಲ ತಮ್ಮ ಕರೆಂಟನ್ನು ತಾವೇ ಉತ್ಪಾದಿಸಿಕೊಳ್ಳಬೇಕು. ಜನರೇಟರ್ ಒಯ್ಯಬಹುದು, ಆದರೆ ಉದ್ಯಾನಗಳಲ್ಲಿ ಅದನ್ನು ನಿಗದಿತ ಗಂಟೆಗಳಲ್ಲಿ ಮಾತ್ರ ಓಡಿಸಲು ಬಿಡುತ್ತಾರೆ, ಕೆಲವು ಶಿಬಿರತಾಣಗಳಲ್ಲಿ ಅದಕ್ಕೂ ಅನುಮತಿಯಿಲ್ಲ.

ಹೀಗಾಗಿ ಸೌರಫಲಕದ ಮಾತು ಬರುತ್ತದೆ. ಹೊಸದಾಗಿ ಆರ್‌ವಿ ಕೊಂಡವರಲ್ಲಿ ಹೆಚ್ಚಿನವರು ಮೊದಲು ಪ್ಯಾನೆಲ್ ಖರೀದಿಸುತ್ತಾರೆ, ಅನಂತರ ಬ್ಯಾಟರಿ, ಕೊನೆಗೆ ಫ್ರಿಜ್‌ನ ಬಗ್ಗೆ ಯೋಚಿಸುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು ಎಂಬುದೇ ಈ ಲೇಖನದ ಮುಖ್ಯ ಸಲಹೆ. ದೀಪ ಆರಿಸಬಹುದು, ಲ್ಯಾಪ್‌ಟಾಪ್ ಮುಚ್ಚಿಡಬಹುದು, ಮಿಕ್ಸಿಯನ್ನು ನಾಳೆ ಬಳಸಬಹುದು; ಹಗಲು ರಾತ್ರಿ ಎನ್ನದೆ, ನೀವು ವಾಹನದಲ್ಲಿ ಇಲ್ಲದಿದ್ದಾಗಲೂ ನಡೆಯುತ್ತಲೇ ಇರಬೇಕಾದ ದೊಡ್ಡ ಉಪಕರಣ ಫ್ರಿಜ್ ಒಂದೇ. ಅದು ಯಾವ ಬಗೆಯದು ಎಂಬುದು ನಿರ್ಧಾರವಾದ ಮೇಲೆ ಬ್ಯಾಟರಿ, ಪ್ಯಾನೆಲ್, ತಂತಿ ಎಲ್ಲದರ ಅಳತೆಯೂ ಅದರ ಹಿಂದೆಯೇ ಬರುತ್ತದೆ.

ಮೊದಲ ಹೆಜ್ಜೆ: ಎಲ್ಲಿ, ಯಾವ ತಿಂಗಳಲ್ಲಿ

ಸೌರವಿದ್ಯುತ್ತಿನ ಲೆಕ್ಕದಲ್ಲಿ ಬಿಸಿಲನ್ನು ‘ಪೂರ್ಣ ಬಿಸಿಲಿನ ಗಂಟೆ’ಗಳಲ್ಲಿ ಅಳೆಯುತ್ತಾರೆ. ಒಂದು ಚದರ ಮೀಟರಿಗೆ 1000 ವ್ಯಾಟ್ ಪ್ರಖರತೆಯ ಬಿಸಿಲು ಒಂದು ಗಂಟೆ ಬಿದ್ದರೆ ಅದು ಒಂದು ಪೂರ್ಣ ಗಂಟೆ. ಬೆಳಗಿನ ಮತ್ತು ಸಂಜೆಯ ಎಳೆಬಿಸಿಲನ್ನೆಲ್ಲ ಒಟ್ಟುಗೂಡಿಸಿ ಈ ಅಳತೆಗೆ ಇಳಿಸುತ್ತಾರೆ. ಆರ್‌ವಿಯ ಮೇಲ್ಛಾವಣಿಯಲ್ಲಿ ಪ್ಯಾನೆಲ್ ಮಟ್ಟಸವಾಗಿ ಮಲಗಿರುತ್ತದೆಯಾದ್ದರಿಂದ ಮಟ್ಟಸ ಮೇಲ್ಮೈಯ ಅಂಕಿಯನ್ನೇ ನೋಡಬೇಕು. ಅರಿಜೋನಾದ ಫೀನಿಕ್ಸ್ ನಗರದಲ್ಲಿ ಜೂನ್‌ನಲ್ಲಿ ದಿನಕ್ಕೆ ಸುಮಾರು 8 ಗಂಟೆ ಸಿಗುವ ಬಿಸಿಲು ಡಿಸೆಂಬರ್‌ನಲ್ಲಿ ಸುಮಾರು 3ಕ್ಕೆ ಇಳಿಯುತ್ತದೆ. ಉತ್ತರದ ಸಿಯಾಟಲ್‌ನಲ್ಲಿ ಜುಲೈಯಲ್ಲಿ ಸುಮಾರು 6 ಇದ್ದದ್ದು ಡಿಸೆಂಬರ್‌ನಲ್ಲಿ ಒಂದಕ್ಕಿಂತಲೂ ಕಡಿಮೆಯಾಗುತ್ತದೆ. ಒಂದೇ ಪ್ಯಾನೆಲ್, ಒಂದೇ ವಾಹನ, ಆದರೆ ಊರು ಮತ್ತು ತಿಂಗಳು ಬದಲಾದರೆ ಉತ್ಪಾದನೆ ಎಂಟು ಪಟ್ಟು ಏರುಪೇರಾಗಬಹುದು.

ನಿಮ್ಮ ಪ್ರವಾಸದ ಊರಿನ ಅಂಕಿ ತಿಳಿಯಲು ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ ರೂಪಿಸಿದ ಪಿವಿವ್ಯಾಟ್ಸ್ ಎಂಬ ಉಚಿತ ಲೆಕ್ಕಯಂತ್ರವನ್ನು ಬಳಸಿ. ಅದರಲ್ಲಿ ಫಲಕದ ಓರೆ ಎಷ್ಟು ಎಂದು ಕೇಳುವ ಕಡೆ ಸೊನ್ನೆ ತುಂಬಿ, ಯಾಕೆಂದರೆ ಅದು ತಾನಾಗಿ ತೋರಿಸುವ ಅಂಕಿ ಮನೆಯ ಇಳಿಜಾರು ಚಾವಣಿಯದು. ನೀವು ಹೋಗಲಿರುವ ತಿಂಗಳುಗಳಲ್ಲಿ ಅತ್ಯಂತ ಕಡಿಮೆ ಬಿಸಿಲಿನ ತಿಂಗಳನ್ನು ಗುರುತು ಹಾಕಿಕೊಳ್ಳಿ. ಮುಂದಿನ ಲೆಕ್ಕವೆಲ್ಲ ಆ ತಿಂಗಳಿನದೇ.

ಎರಡನೆಯ ಹೆಜ್ಜೆ: ಫ್ರಿಜ್‌ನ ಬಗೆಯನ್ನು ಆರಿಸುವುದು

ಆರ್‌ವಿಗಳಲ್ಲಿ ಮೂರು ಬಗೆಯ ಫ್ರಿಜ್‌ಗಳು ಕಾಣಸಿಗುತ್ತವೆ. ಈ ಹೆಜ್ಜೆಗೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕು.

ಮೊದಲನೆಯದು ಅಬ್ಸಾರ್ಪ್ಷನ್ ಫ್ರಿಜ್. 1922ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಬಾಲ್ಟ್‌ಜರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ರೂಪಿಸಿದ ತತ್ತ್ವದ ಮೇಲೆಯೇ ಇವತ್ತಿಗೂ ಇದು ನಡೆಯುತ್ತದೆ. ಇದರಲ್ಲಿ ಕಂಪ್ರೆಸರ್ ಇಲ್ಲ, ತಿರುಗುವ ಭಾಗವಿಲ್ಲ. ಅಮೋನಿಯಾ, ನೀರು ಮತ್ತು ಜಲಜನಕವನ್ನು ಮುಚ್ಚಿದ ಕೊಳವೆಗಳಲ್ಲಿ ತುಂಬಿ, ಕೆಳಗಿನಿಂದ ಬಿಸಿ ಮಾಡುತ್ತಾರೆ. ಆ ಬಿಸಿ ಪ್ರೊಪೇನ್ ಉರಿಯಿಂದ ಬರಬಹುದು, ಇಲ್ಲವೇ ವಿದ್ಯುತ್ ಕಾಯಿಲಿನಿಂದ ಬರಬಹುದು. ಪ್ರೊಪೇನ್‌ನಲ್ಲಿ ಓಡುವಾಗ ಇದಕ್ಕೆ ಬೇಕಾಗುವ ವಿದ್ಯುತ್ತು ನಿಯಂತ್ರಣ ಫಲಕಕ್ಕೆ ಸಾಲುವಷ್ಟು ಮಾತ್ರ. 20 ಪೌಂಡಿನ ಒಂದು ಸಿಲಿಂಡರ್ ಮಧ್ಯಮ ಗಾತ್ರದ ಫ್ರಿಜ್‌ಗೆ ಹತ್ತು ಹನ್ನೆರಡು ದಿನ ಬರುತ್ತದೆ. ಹಳೆಯ ಆರ್‌ವಿಗಳಲ್ಲಿ ಇದೇ ಇರುತ್ತಿದ್ದುದಕ್ಕೆ ಕಾರಣವೂ ಅದೇ.

ಆದರೆ ಇದರ ಬಗ್ಗೆ ಮೂರು ಎಚ್ಚರಿಕೆಗಳಿವೆ. ವಾಹನ ಬಹುಮಟ್ಟಿಗೆ ಸಮತಟ್ಟಾಗಿ ನಿಂತಿರಬೇಕು. ಅನೇಕ ಮಾದರಿಗಳಲ್ಲಿ ಒಂದು ದಿಕ್ಕಿಗೆ 3 ಡಿಗ್ರಿ, ಇನ್ನೊಂದು ದಿಕ್ಕಿಗೆ 6 ಡಿಗ್ರಿಗಿಂತ ಹೆಚ್ಚು ವಾಲಿದ ಸ್ಥಿತಿಯಲ್ಲಿ ಓಡಿಸುತ್ತ ಹೋದರೆ ದ್ರವ ಒಂದು ಕಡೆ ನಿಂತು ಕೊಳವೆ ಶಾಶ್ವತವಾಗಿ ಕಟ್ಟಿಕೊಳ್ಳಬಹುದು. ಹೊರಗಿನ ಬಿಸಿ ತೀರಾ ಏರಿದಾಗ ಒಳಗಿನ ತಂಪು ಕಾಪಾಡಿಕೊಳ್ಳಲು ಇದು ಒದ್ದಾಡುತ್ತದೆ. ಸುಮಾರು 5500 ಅಡಿಗಿಂತ ಎತ್ತರದ ಜಾಗಗಳಲ್ಲಿ ಪ್ರೊಪೇನ್ ಉರಿ ಆರಿಹೋಗುವ ತೊಂದರೆಯೂ ಉಂಟು, ಯೆಲ್ಲೋಸ್ಟೋನ್‌ನ ಬಹುಭಾಗ ಅದಕ್ಕಿಂತ ಎತ್ತರದಲ್ಲಿದೆ. ಹಳೆಯ ವಾಹನ ಕೊಳ್ಳುವವರು ಇನ್ನೊಂದು ಕೆಲಸ ಮಾಡಲೇಬೇಕು: ಬೆಂಕಿಯ ಅಪಾಯದ ಕಾರಣ ಇಂಥ ಫ್ರಿಜ್‌ಗಳ ಕೆಲವು ಮಾದರಿಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಸಲಾಗಿತ್ತು, ಆದ್ದರಿಂದ ಫ್ರಿಜ್‌ನ ಮಾದರಿ ಸಂಖ್ಯೆಯನ್ನು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯ ರೀಕಾಲ್ ಪಟ್ಟಿಯಲ್ಲಿ ಹುಡುಕಿ ನೋಡಿ.

ಸೌರವಿದ್ಯುತ್ತಿನ ದೃಷ್ಟಿಯಿಂದ ಅತಿ ಮುಖ್ಯವಾದ ಮಾತು ಇನ್ನೊಂದಿದೆ. ಅಬ್ಸಾರ್ಪ್ಷನ್ ಫ್ರಿಜ್‌ನ್ನು ವಿದ್ಯುತ್ ಕಾಯಿಲಿನ ಮೇಲೆ ಓಡಿಸಿದರೆ ಅದು 300 ವ್ಯಾಟ್‌ನ ಆಸುಪಾಸು ಎಳೆಯುತ್ತದೆ, ಅದೂ ದಿನದ ಬಹುಪಾಲು ಹೊತ್ತು. ದಿನಕ್ಕೆ 4–5 ಯೂನಿಟ್ (ಒಂದು ಯೂನಿಟ್ ಎಂದರೆ 1000 ವ್ಯಾಟ್-ಗಂಟೆ) ಖರ್ಚಾಗುವ ಈ ಹೊರೆಯನ್ನು ಸಾಮಾನ್ಯ ಆರ್‌ವಿಯ ಚಾವಣಿ ಹೊರಲಾರದು. ಇಂಥ ಫ್ರಿಜ್ ನಿಮ್ಮಲ್ಲಿದ್ದು ಅದನ್ನೇ ಉಳಿಸಿಕೊಳ್ಳುವುದಾದರೆ ಅದನ್ನು ಪ್ರೊಪೇನ್‌ಗೆ ಬಿಟ್ಟು, ಸೌರವಿದ್ಯುತ್ತನ್ನು ಉಳಿದ ಬಳಕೆಗೆ ಮಾತ್ರ ಲೆಕ್ಕ ಹಾಕಿ. ಆಗ ಒಂದೆರಡು ಪ್ಯಾನೆಲ್ ಸಾಕಾದೀತು.

ಎರಡನೆಯದು 12 ವೋಲ್ಟ್ ಕಂಪ್ರೆಸರ್ ಫ್ರಿಜ್. ತಂಪು ಮಾಡುವ ವಿಧಾನ ಮನೆಯ ಫ್ರಿಜ್‌ನದೇ ಆದರೂ ಇದು ಬ್ಯಾಟರಿಯಿಂದ ನೇರವಾಗಿ ಓಡುತ್ತದೆ, ಬ್ಯಾಟರಿಯ ಕರೆಂಟನ್ನು ಮನೆಬಳಕೆಯ 120 ವೋಲ್ಟ್‌ಗೆ ಬದಲಿಸುವ ಇನ್ವರ್ಟರ್ ಬೇಕಿಲ್ಲ. ಓಡುವಾಗ 40–70 ವ್ಯಾಟ್ ಎಳೆದು, ತಂಪಾದ ಮೇಲೆ ನಿಂತು, ಮತ್ತೆ ಓಡುತ್ತದೆ. ಎಂಟು ಘನ ಅಡಿಯ ಫ್ರಿಜ್‌ಗೆ ದಿನಕ್ಕೆ ಸಾಧಾರಣ ಹವೆಯಲ್ಲಿ 500–700 ವ್ಯಾಟ್-ಗಂಟೆ, ಕಡುಬೇಸಿಗೆಯಲ್ಲಿ 900ರವರೆಗೆ ಎಂದು ಇಟ್ಟುಕೊಳ್ಳಬಹುದು. ವಾಹನ ಸ್ವಲ್ಪ ವಾಲಿ ನಿಂತರೂ ತೊಂದರೆಯಿಲ್ಲ, ಬೇಗ ತಂಪಾಗುತ್ತದೆ, ಬಿಸಿಲುನಾಡಿನಲ್ಲೂ ಹದ ತಪ್ಪುವುದಿಲ್ಲ. ಸೌರವಿದ್ಯುತ್ತನ್ನೇ ನಂಬಿ ವಾರಗಟ್ಟಲೆ ಹೊರಗಿರುವವರಿಗೆ ನನ್ನ ಆಯ್ಕೆ ಇದೇ, ಇದರಲ್ಲಿ ಹೆಚ್ಚು ಅನುಮಾನವಿಲ್ಲ.

ಮೂರನೆಯದು ಮನೆಯಲ್ಲಿ ಬಳಸುವ 120 ವೋಲ್ಟ್ ಫ್ರಿಜ್. ಅಗ್ಗ, ದೊಡ್ಡದು, ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಅಂಗಡಿಯಲ್ಲಿ ಅದಕ್ಕೆ ಅಂಟಿಸಿರುವ ಹಳದಿ ಎನರ್ಜಿಗೈಡ್ ಚೀಟಿಯ ಮೇಲೆ ವರ್ಷದ ಯೂನಿಟ್ ಬರೆದಿರುತ್ತದೆ; ಅದನ್ನು 365ರಿಂದ ಭಾಗಿಸಿದರೆ ದಿನದ ಖರ್ಚು ಸಿಗುತ್ತದೆ. ವರ್ಷಕ್ಕೆ 400 ಯೂನಿಟ್ ಎಂದಿದ್ದರೆ ದಿನಕ್ಕೆ ಸುಮಾರು 1100 ವ್ಯಾಟ್-ಗಂಟೆ. ಹಲವರು ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ಈ ಫ್ರಿಜ್‌ಗಾಗಿ ಇನ್ವರ್ಟರ್ 24 ಗಂಟೆಯೂ ಎಚ್ಚರವಾಗಿರಬೇಕು, ದೊಡ್ಡ ಇನ್ವರ್ಟರ್ ಸುಮ್ಮನೆ ಕುಳಿತಾಗಲೂ 20–40 ವ್ಯಾಟ್ ತಿನ್ನುತ್ತದೆ. ದಿನಕ್ಕೆ ಇದೊಂದೇ 480ರಿಂದ 960 ವ್ಯಾಟ್-ಗಂಟೆಯಾಗುತ್ತದೆ, ಅಂದರೆ 12 ವೋಲ್ಟ್‌ನ ಇನ್ನೊಂದು ಫ್ರಿಜ್ ಓಡಿಸಿದಷ್ಟು. ಬಹುಪಾಲು ದಿನ ಹುಕ್‌ಅಪ್, ಅಂದರೆ ವಾಹನಕ್ಕೆ ಹೊರಗಿನ ವಿದ್ಯುತ್ ಸಂಪರ್ಕ ಇರುವ ಪಾರ್ಕುಗಳಲ್ಲೇ ತಂಗುವವರಿಗೆ ಮಾತ್ರ ಈ ಬಗೆ ಒಪ್ಪುತ್ತದೆ.

ಇನ್ನು ಗಾತ್ರ. ನಮ್ಮ ಅಡುಗೆಯಲ್ಲಿ ದೋಸೆ ಹಿಟ್ಟಿನ ಪಾತ್ರೆ, ಮೊಸರಿನ ಡಬ್ಬಿ, ಸೊಪ್ಪು, ಹಿಂದಿನ ದಿನದ ಹುಳಿ ಇವು ಜಾಗ ಹಿಡಿಯುತ್ತವೆ. ಫ್ರೀಜರ್‌ನಲ್ಲಿ ತುರಿದ ತೆಂಗಿನಕಾಯಿ, ಹಸಿ ಅವರೆಕಾಳು ಇರುತ್ತವೆ. ಅಂಗಡಿಯಲ್ಲಿ ಫ್ರಿಜ್ ನೋಡುವಾಗ ನಿಮ್ಮ ಹಿಟ್ಟಿನ ಪಾತ್ರೆಯ ಎತ್ತರ ಅಳೆದುಕೊಂಡು ಹೋಗಿ, ಶೆಲ್ಫಿನ ನಡುವೆ ಅದು ಹಿಡಿಯದಿದ್ದರೆ ಘನ ಅಡಿಯ ಅಂಕಿಯಿಂದ ಪ್ರಯೋಜನವಿಲ್ಲ. ಇಬ್ಬರಿಗೆ ನಾಲ್ಕೈದು ಘನ ಅಡಿ, ಮಕ್ಕಳೊಂದಿಗೆ ನಾಲ್ವರಿಗೆ ಎಂಟರಿಂದ ಹತ್ತು ಘನ ಅಡಿ ಸಾಕು. ಅಮೆರಿಕದ ಆಹಾರ ಸುರಕ್ಷತಾ ನಿಯಮದಂತೆ ಫ್ರಿಜ್‌ನ ಒಳಗೆ 40 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಒಳಗೊಂದು ಸಣ್ಣ ಥರ್ಮಾಮೀಟರ್ ಇಟ್ಟುಬಿಡಿ. ಬಿಸಿ ಸಾರನ್ನು ಆರಿಸದೆ ಒಳಗಿಟ್ಟರೆ ಆ ಬಿಸಿಯನ್ನು ಹೊರಹಾಕುವ ಖರ್ಚು ಬ್ಯಾಟರಿಯದು.

ಮೂರನೆಯ ಹೆಜ್ಜೆ: ದಿನದ ಒಟ್ಟು ಖರ್ಚು

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಾಲ್ವರ ಕುಟುಂಬ, ಎಂಟು ಘನ ಅಡಿಯ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಇರುವ ಟ್ರೇಲರ್, ಡಿಸೆಂಬರ್ ರಜೆಯಲ್ಲಿ ಕ್ವಾರ್ಟ್‌ಸೈಟ್. ಚಳಿಯಲ್ಲಿ ಫ್ರಿಜ್ ಕಡಿಮೆ ಓಡುತ್ತದೆ, 550 ವ್ಯಾಟ್-ಗಂಟೆ ಎನ್ನೋಣ. ಆದರೆ ಹಾಗೆ ಉಳಿತಾಯವಾದದ್ದನ್ನು ಪ್ರೊಪೇನ್ ಹೀಟರ್ ತೆಗೆದುಕೊಳ್ಳುತ್ತದೆ: ಅದರ ಉರಿ ಗ್ಯಾಸಿನದಾದರೂ ಬಿಸಿಗಾಳಿ ತಳ್ಳುವ ಫ್ಯಾನ್ ಸುಮಾರು 90 ವ್ಯಾಟ್ ಎಳೆಯುತ್ತದೆ, ರಾತ್ರಿಯಲ್ಲಿ ಒಟ್ಟು ನಾಲ್ಕು ಗಂಟೆ ಓಡಿದರೆ 360 ವ್ಯಾಟ್-ಗಂಟೆ. ದೀಪ, ನೀರಿನ ಪಂಪ್, ಫೋನು, ಒಂದು ಲ್ಯಾಪ್‌ಟಾಪ್, ಗ್ಯಾಸ್ ಸೋರಿಕೆ ಪತ್ತೆಹಚ್ಚುವ ಉಪಕರಣ ಎಲ್ಲ ಸೇರಿ 350. ಚಟ್ನಿಗೆ ಮಿಕ್ಸಿ 550 ವ್ಯಾಟ್‌ನದಾದರೂ ಐದು ನಿಮಿಷ ಓಡಿದರೆ 50ಕ್ಕೂ ಕಡಿಮೆ. ಒಟ್ಟು ಸುಮಾರು 1300 ವ್ಯಾಟ್-ಗಂಟೆ.

ಇಲ್ಲಿ ಒಂದು ವಿಷಯ ಗಮನಿಸಿ. ದೊಡ್ಡ ವ್ಯಾಟ್‌ನ ಮಿಕ್ಸಿ ಭಯ ಹುಟ್ಟಿಸುತ್ತದೆ, ಆದರೆ ಲೆಕ್ಕದಲ್ಲಿ ಅದು ಏನೂ ಅಲ್ಲ. ಸಣ್ಣದಾಗಿ ದಿನವಿಡೀ ನಡೆಯುವುದೇ ಬ್ಯಾಟರಿಯನ್ನು ಬರಿದು ಮಾಡುತ್ತದೆ. ಇಂಡಕ್ಷನ್ ಒಲೆ ಮಾತ್ರ ಬೇರೆ ಮಾತು. 1500 ವ್ಯಾಟ್‌ನಲ್ಲಿ ಅರ್ಧ ಗಂಟೆ ಅಡುಗೆ ಮಾಡಿದರೆ 750 ವ್ಯಾಟ್-ಗಂಟೆ, ಫ್ರಿಜ್‌ನ ಒಂದು ದಿನದ ಪಾಲಿಗಿಂತ ಹೆಚ್ಚು. ಕುಕ್ಕರನ್ನು ಗ್ಯಾಸಿನ ಮೇಲೆಯೇ ಇಡಿ. ಚಾವಣಿಯ ಏರ್ ಕಂಡಿಷನರನ್ನು ಈ ಲೆಕ್ಕದಿಂದ ಪೂರ್ತಿ ಹೊರಗಿಡಿ. ಅದನ್ನು ಸೌರವಿದ್ಯುತ್ತಿನಲ್ಲಿ ಓಡಿಸುವುದು ಬೇರೆಯೇ ಪ್ರಮಾಣದ ವ್ಯವಸ್ಥೆ.

120 ವೋಲ್ಟ್ ಉಪಕರಣಗಳ ನಿಜವಾದ ಖರ್ಚು ತಿಳಿಯಲು ಗೋಡೆಯ ಸಾಕೆಟ್ಟಿಗೂ ಉಪಕರಣಕ್ಕೂ ನಡುವೆ ಸಿಕ್ಕಿಸುವ ವ್ಯಾಟ್‌ಮೀಟರ್ ಸಿಗುತ್ತದೆ. ಮನೆಯಲ್ಲಿಯೇ ಒಂದು ದಿನ ಪೂರ್ತಿ ಅಳೆದು ನೋಡಿ. ಪೆಟ್ಟಿಗೆಯ ಮೇಲಿನ ಅಂಕಿಗಿಂತ ಅದು ನಂಬಿಕೆಗೆ ಅರ್ಹ.

ನಾಲ್ಕನೆಯ ಹೆಜ್ಜೆ: ಬ್ಯಾಟರಿ

ಡಿಸೆಂಬರ್‌ನಲ್ಲಿ ಸಂಜೆ ನಾಲ್ಕರಿಂದ ಮರುದಿನ ಬೆಳಿಗ್ಗೆ ಒಂಬತ್ತರವರೆಗೆ ಪ್ಯಾನೆಲ್‌ನಿಂದ ಹೇಳಿಕೊಳ್ಳುವಂಥದ್ದೇನೂ ಬರುವುದಿಲ್ಲ. ಆ 17 ಗಂಟೆಯಲ್ಲಿ ಮೇಲಿನ ಕುಟುಂಬದ ಖರ್ಚು ಸುಮಾರು 1000–1100 ವ್ಯಾಟ್-ಗಂಟೆ, ಯಾಕೆಂದರೆ ಹೀಟರ್ ಮತ್ತು ದೀಪಗಳ ಬಳಕೆಯೆಲ್ಲ ರಾತ್ರಿಯದೇ. ಅದರ ಮೇಲೆ ಮೋಡ ಕವಿದ ಒಂದು ದಿನವನ್ನೂ ತಡೆದುಕೊಳ್ಳಬೇಕಾದರೆ 2400 ವ್ಯಾಟ್-ಗಂಟೆಯ ಸಂಗ್ರಹ ಬೇಕು.

100 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೊಂದರಲ್ಲಿ 12.8 ವೋಲ್ಟ್ ಲೆಕ್ಕದಲ್ಲಿ 1280 ವ್ಯಾಟ್-ಗಂಟೆ ಇರುತ್ತದೆ, ಅದರ ಬಹುಪಾಲನ್ನು ಬಳಸಿಕೊಳ್ಳಬಹುದು. ಇಂಥ ಎರಡು ಬ್ಯಾಟರಿಗಳಿಂದ ನಮ್ಮ ಕುಟುಂಬದ ಅಗತ್ಯ ಪೂರೈಸುತ್ತದೆ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತ ಹೋದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆಯಾದ್ದರಿಂದ ಅದೇ ಕೆಲಸಕ್ಕೆ ನಾಲ್ಕು ಬೇಕಾಗುತ್ತವೆ. ಒಂದೊಂದೂ 28–30 ಕಿಲೋ ತೂಗುತ್ತದೆ, ಲಿಥಿಯಂ ಬ್ಯಾಟರಿಯಾದರೆ 11–14 ಕಿಲೋ. ಟ್ರೇಲರ್ ಹೊರುವ ತೂಕಕ್ಕೆ ಕಟ್ಟುನಿಟ್ಟಿನ ಮಿತಿ ಇರುವಾಗ ಈ ವ್ಯತ್ಯಾಸ ಸಣ್ಣದಲ್ಲ.

ಲಿಥಿಯಂ ಬ್ಯಾಟರಿಗೆ ಒಂದು ಕಡ್ಡಾಯ ನಿಯಮವಿದೆ: ಅದರ ಕೋಶಗಳ ಉಷ್ಣತೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರುವಾಗ ಚಾರ್ಜ್ ಮಾಡಬಾರದು, ಮಾಡಿದರೆ ಒಳಗೆ ಸರಿಪಡಿಸಲಾಗದ ಹಾನಿಯಾಗುತ್ತದೆ. ಚಳಿಯಲ್ಲಿ ಚಾರ್ಜ್ ತಾನಾಗಿ ನಿಲ್ಲಿಸುವ ರಕ್ಷಣೆ ಇರುವ ಬ್ಯಾಟರಿಯನ್ನೇ ಕೊಳ್ಳಿ, ಸಾಧ್ಯವಾದರೆ ಅದನ್ನು ಹೊರಗಿನ ಪೆಟ್ಟಿಗೆಯಲ್ಲಿಡದೆ ವಾಹನದ ಒಳಗೆ ಇಡಿ. ಹೊರಗಿನ ಕರೆಂಟಿನಿಂದ ಬ್ಯಾಟರಿಯನ್ನು ಚಾರ್ಜ್ ಮಾಡಲು ಹಳೆಯ ಆರ್‌ವಿಯಲ್ಲಿರುವ ಕನ್ವರ್ಟರ್ ಸೀಸದ ಬ್ಯಾಟರಿಗಾಗಿ ಮಾಡಿದ್ದಾಗಿರುತ್ತದೆ, ಅದನ್ನೂ ಬದಲಿಸಬೇಕಾಗಬಹುದು.

ಐದನೆಯ ಹೆಜ್ಜೆ: ಪ್ಯಾನೆಲ್ ಎಷ್ಟು ವ್ಯಾಟ್

ಪ್ಯಾನೆಲ್‌ನ ಮೇಲೆ ಬರೆದ ವ್ಯಾಟ್ ಪ್ರಯೋಗಾಲಯದ್ದು: 1000 ವ್ಯಾಟ್ ಬಿಸಿಲಿನಲ್ಲಿ, ಕೋಶದ ಉಷ್ಣತೆ 25 ಡಿಗ್ರಿ ಇರುವಾಗ ಅಳೆದದ್ದು. ಚಾವಣಿಯ ಮೇಲೆ ಬೇಸಿಗೆಯ ಮಧ್ಯಾಹ್ನ ಕೋಶ 60 ಡಿಗ್ರಿ ದಾಟುತ್ತದೆ; ಪ್ರತಿ ಡಿಗ್ರಿಗೆ ಶೇಕಡಾ 0.35ರಷ್ಟು ಇಳಿದರೆ ಅಷ್ಟರಲ್ಲೇ ಶೇಕಡಾ 12 ಹೋಯಿತು. ಧೂಳು, ತಂತಿಯಲ್ಲಿನ ನಷ್ಟ, ಬ್ಯಾಟರಿಗೆ ತುಂಬುವಾಗಿನ ನಷ್ಟ ಎಲ್ಲ ಸೇರಿಸಿ ಬರೆದಿರುವುದರ ಶೇಕಡಾ 70 ಮಾತ್ರ ಕೈಗೆ ಬರುತ್ತದೆ ಎಂದು ಹಿಡಿಯುವುದು ಕ್ಷೇಮ.

ಲೆಕ್ಕ ಸರಳವಾಗಿದೆ. ಕ್ವಾರ್ಟ್‌ಸೈಟ್‌ಗೂ ಫೀನಿಕ್ಸ್‌ನ ಡಿಸೆಂಬರ್ ಅಂಕಿಯನ್ನೇ ಹಿಡಿದು, ದಿನದ ಖರ್ಚು 1300ನ್ನು ಪೂರ್ಣ ಬಿಸಿಲಿನ 3 ಗಂಟೆ ಮತ್ತು 0.7ರ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 620 ಬರುತ್ತದೆ. ಅಂದರೆ ಹೆಚ್ಚುಕಡಿಮೆ 200 ವ್ಯಾಟ್‌ನ ಮೂರು ಪ್ಯಾನೆಲ್. ಇದೇ ಕುಟುಂಬ ಬೇಸಿಗೆಯಲ್ಲಿ ಮಾತ್ರ ಹೊರಡುವುದಾದರೆ 6 ಗಂಟೆಯ ಬಿಸಿಲಿಗೆ ಸುಮಾರು 310 ವ್ಯಾಟ್ ಸಾಕು. ಯಾವ ಊರು, ಯಾವ ತಿಂಗಳು ಎಂದು ಮೊದಲೇ ಕೇಳಿದ್ದು ಇದಕ್ಕಾಗಿ.

ಕರ್ನಾಟಕದಲ್ಲಿ ಕ್ಯಾಂಪರ್ ವ್ಯಾನ್ ಕಟ್ಟಿಸುವವರಿಗೂ ಲೆಕ್ಕ ಇದೇ. ಬಯಲುಸೀಮೆಯಲ್ಲಿ ವರ್ಷದ ಸರಾಸರಿ 5 ಗಂಟೆಗಿಂತ ಹೆಚ್ಚಿನ ಬಿಸಿಲು ಸಿಗುತ್ತದೆ, ಚಳಿಗಾಲದಲ್ಲಿ ಅಮೆರಿಕದಷ್ಟು ಕುಸಿಯುವುದಿಲ್ಲ. ನಮ್ಮಲ್ಲಿ ಅತಿ ಕಡಿಮೆ ಬಿಸಿಲಿನ ಕಾಲ ಮಲೆನಾಡಿನ ಮುಂಗಾರು, ಆಗ ಹೊರಡುವವರು ಆ ತಿಂಗಳ ಅಂಕಿಯನ್ನೇ ಹಿಡಿಯಬೇಕು. ಮನೆಯ ಫ್ರಿಜ್ ಬಳಸುವುದಾದರೆ ವರ್ಷದ ಯೂನಿಟ್ ಅದರ ಸ್ಟಾರ್ ಚೀಟಿಯ ಮೇಲೆ ಇರುತ್ತದೆ.

ಆರನೆಯ ಹೆಜ್ಜೆ: ಯಾವ ಪ್ಯಾನೆಲ್, ಚಾವಣಿಯ ಮೇಲೆ ಎಲ್ಲಿ

ಆರ್‌ವಿಯ ಚಾವಣಿಯಲ್ಲಿ ಜಾಗವೇ ಕಡಿಮೆ ಇರುವುದರಿಂದ ಶೇಕಡಾ 20ರ ಮೇಲೆ ದಕ್ಷತೆಯಿರುವ ಮೊನೊಕ್ರಿಸ್ಟಲಿನ್ ಪ್ಯಾನೆಲ್ಲೇ ಸರಿ. ಗಾಜಿನ ಹೊದಿಕೆ, ಅಲ್ಯೂಮಿನಿಯಂ ಚೌಕಟ್ಟು ಇರುವ ಗಟ್ಟಿ ಪ್ಯಾನೆಲ್ ಆರಿಸಿ. ಬಾಗುವ ತೆಳು ಪ್ಯಾನೆಲ್ ಹಗುರವಾಗಿದ್ದು ನೋಡಲು ಚೆನ್ನ. ಆದರೆ ಚಾವಣಿಗೆ ನೇರ ಅಂಟಿಸಿದಾಗ ಕೆಳಗೆ ಗಾಳಿಯಾಡದೆ ಕಾದು ಬೇಗ ಕೆಡುತ್ತದೆ, ಆ ಶಾಖ ವಾಹನದೊಳಕ್ಕೂ ಇಳಿಯುತ್ತದೆ. ಬಾಗಿದ ಚಾವಣಿಯವರಿಗೆ ಬೇರೆ ದಾರಿ ಇಲ್ಲದಾಗ ಮಾತ್ರ ಅದು. ಮನೆಗಳ ಮೇಲೆ ಹಾಕುವ 400 ವ್ಯಾಟ್‌ನ ದೊಡ್ಡ ಪ್ಯಾನೆಲ್ ವ್ಯಾಟಿನ ಲೆಕ್ಕದಲ್ಲಿ ಅಗ್ಗ, ಆದರೆ ಅದು ಸುಮಾರು 1.7 ಮೀಟರ್ ಉದ್ದ, 1.1 ಮೀಟರ್ ಅಗಲ, 20 ಕಿಲೋಗೂ ಮಿಕ್ಕಿ ತೂಕ. ಅಷ್ಟು ದೊಡ್ಡ ಖಾಲಿ ಜಾಗ ನಿಮ್ಮ ಚಾವಣಿಯಲ್ಲಿದೆಯೇ ಎಂದು ಅಳೆದು ನೋಡಿ.

ಅಳೆಯುವಾಗ ಚಾವಣಿಯ ನಕ್ಷೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಏರ್ ಕಂಡಿಷನರ್, ಗಾಳಿಕಿಂಡಿ, ಆಂಟೆನಾ, ಶೌಚಾಲಯದ ಕೊಳವೆ ಎಲ್ಲ ಗುರುತಿಸಿ. ಚಳಿಗಾಲದ ಮಧ್ಯಾಹ್ನ ಕ್ವಾರ್ಟ್‌ಸೈಟ್‌ನಲ್ಲಿ ಸೂರ್ಯ ದಿಗಂತದಿಂದ 33 ಡಿಗ್ರಿ ಮಾತ್ರ ಏರುತ್ತಾನೆ, ಆಗ ಒಂದು ಅಡಿ ಎತ್ತರದ ಏರ್ ಕಂಡಿಷನರ್ ಒಂದೂವರೆ ಅಡಿ ಉದ್ದದ ನೆರಳು ಚೆಲ್ಲುತ್ತದೆ. ಪ್ಯಾನೆಲ್‌ನ ಒಂದು ಮೂಲೆಗೆ ಬಿದ್ದ ನೆರಳು ಆ ಮೂಲೆಯದಷ್ಟೇ ಉತ್ಪಾದನೆಯನ್ನಲ್ಲ, ಆ ಸಾಲಿನ ಎಲ್ಲ ಕೋಶಗಳದನ್ನೂ ತಡೆಯುತ್ತದೆ. ನೆರಳು ತಪ್ಪದ ಜಾಗದಲ್ಲಿ ದೊಡ್ಡ ಪ್ಯಾನೆಲ್ ಇಡುವುದಕ್ಕಿಂತ ನೆರಳಿಲ್ಲದ ಜಾಗದಲ್ಲಿ ಚಿಕ್ಕದು ಇಡುವುದು ಲಾಭ.

ಪ್ಯಾನೆಲ್‌ನ ಕೆಳಗೆ ಕನಿಷ್ಠ ಎರಡು ಮೂರು ಸೆಂಟಿಮೀಟರ್ ಗಾಳಿಯಾಡುವ ಸಂದಿ ಬಿಡಿ. ತಿರುಪುಮೊಳೆ ಬಿಗಿದ ಪ್ರತಿಯೊಂದು ರಂಧ್ರದ ಕೆಳಗೆ ನೀರು ತಡೆಯುವ ಬ್ಯುಟೈಲ್ ಟೇಪ್, ಮೇಲೆ ನಿಮ್ಮ ಚಾವಣಿಯ ರಬ್ಬರಿಗೆ ಹೊಂದುವ ಸೀಲೆಂಟ್ ಹಚ್ಚಿ. ವರ್ಷಕ್ಕೊಮ್ಮೆ ಮೇಲೆ ಹತ್ತಿ ಪರೀಕ್ಷಿಸಿ, ಸೋರಿದ ನೀರು ಮರದ ಹಲಗೆಯನ್ನು ಕೊಳೆಸಿದರೆ ಪ್ಯಾನೆಲ್‌ನ ಬೆಲೆಗಿಂತ ರಿಪೇರಿ ದುಬಾರಿ.

ಬಿಸಿಲುನಾಡಿನಲ್ಲಿ ವಾಹನವನ್ನು ಮರದಡಿ ನಿಲ್ಲಿಸಿದರೆ ಫ್ರಿಜ್ ಹಗುರವಾಗುತ್ತದೆ, ಆದರೆ ಪ್ಯಾನೆಲ್ ಸತ್ತಂತೆ. ಇದಕ್ಕೆ ಮಡಚುವ 200 ವ್ಯಾಟ್‌ನ ಒಂದು ಪ್ಯಾನೆಲ್ ನೆಲದ ಮೇಲಿಡಲು ಇಟ್ಟುಕೊಳ್ಳುವುದು ಒಳ್ಳೆಯದು. ಅದನ್ನು ಸೂರ್ಯನ ಕಡೆ ಓರೆಯಾಗಿ ತಿರುಗಿಸಬಹುದಾದ್ದರಿಂದ ಚಳಿಗಾಲದಲ್ಲಿ ಮಟ್ಟಸ ಪ್ಯಾನೆಲ್‌ಗಿಂತ ಬಹಳ ಹೆಚ್ಚು ಕೊಡುತ್ತದೆ. ‘ಸೋಲಾರ್ ರೆಡಿ’ ಎಂಬ ಚೀಟಿ ಹೊತ್ತ ಹೊಸ ಆರ್‌ವಿಗಳಲ್ಲಿ ಹಲವು ಬಾರಿ ಇರುವುದು ಹೊರಗೋಡೆಯ ಒಂದು ಸಾಕೆಟ್ ಮತ್ತು ಒಂದು ತಂತಿ ಮಾತ್ರ. ಕೆಲವು ಸಾಕೆಟ್ಟುಗಳ ಧನ-ಋಣ ತುದಿಗಳು ಅದಲುಬದಲಾಗಿರುತ್ತವೆ, ಆದ್ದರಿಂದ ಮಲ್ಟಿಮೀಟರ್‌ನಲ್ಲಿ ನೋಡದೆ ಯಾವುದನ್ನೂ ಜೋಡಿಸಬೇಡಿ.

ಏಳನೆಯ ಹೆಜ್ಜೆ: ಕಂಟ್ರೋಲರ್

ಪ್ಯಾನೆಲ್ ಮತ್ತು ಬ್ಯಾಟರಿಯ ನಡುವೆ ಎಂಪಿಪಿಟಿ ಬಗೆಯ, ಅಂದರೆ ಪ್ಯಾನೆಲ್‌ನಿಂದ ಸಿಗಬಹುದಾದ ಗರಿಷ್ಠ ಶಕ್ತಿಯನ್ನು ಬ್ಯಾಟರಿಗೆ ಹೊಂದಿಸಿ ಕೊಡುವ ಚಾರ್ಜ್ ಕಂಟ್ರೋಲರ್ ಹಾಕಿ. ಅಗ್ಗದ ಪಿಡಬ್ಲ್ಯೂಎಂ ಬಗೆಯದು ಪ್ಯಾನೆಲ್‌ನ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದುಬಿಡುತ್ತದೆ, ಹೆಚ್ಚುವರಿಯೆಲ್ಲ ವ್ಯರ್ಥ. ಕಂಟ್ರೋಲರ್‌ನ ಹೆಸರಿನಲ್ಲಿ ಹಲವೊಮ್ಮೆ 100/50 ಎಂಬಂಥ ಎರಡು ಸಂಖ್ಯೆ ಇರುತ್ತವೆ: ಮೊದಲನೆಯದು ಅದು ತಾಳಬಲ್ಲ ಪ್ಯಾನೆಲ್ ವೋಲ್ಟೇಜಿನ ಮಿತಿ, ಎರಡನೆಯದು ಬ್ಯಾಟರಿಗೆ ಕೊಡಬಲ್ಲ ಆಂಪಿಯರ್. ನಮ್ಮ ಉದಾಹರಣೆಯಲ್ಲಿ 600 ವ್ಯಾಟನ್ನು 14 ವೋಲ್ಟ್‌ನಿಂದ ಭಾಗಿಸಿದರೆ 43 ಆಂಪಿಯರ್, ಆದ್ದರಿಂದ 50ರದು ಸರಿಹೋಗುತ್ತದೆ.

ವೋಲ್ಟೇಜಿನ ಮಿತಿಯನ್ನು ಚಳಿಯ ದಿನಕ್ಕೆ ಲೆಕ್ಕ ಹಾಕಬೇಕು, ಯಾಕೆಂದರೆ ತಣ್ಣಗಾದಷ್ಟೂ ಪ್ಯಾನೆಲ್‌ನ ವೋಲ್ಟೇಜ್ ಏರುತ್ತದೆ. 24 ವೋಲ್ಟ್ ತೆರೆದ-ಮಂಡಲ ವೋಲ್ಟೇಜಿನ (ಯಾವುದಕ್ಕೂ ಜೋಡಿಸದಿರುವಾಗಿನ ವೋಲ್ಟೇಜ್) ಮೂರು ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ 72 ವೋಲ್ಟ್. ಮೈನಸ್ 20 ಡಿಗ್ರಿಯ ಮುಂಜಾನೆ ಅದು 81ರ ಹತ್ತಿರ ಹೋಗುತ್ತದೆ, 100ರ ಒಳಗಿದೆ. ನಾಲ್ಕು ಜೋಡಿಸಿದರೆ ಕಾಗದದ ಮೇಲೆ 96 ಎಂದು ಕಂಡರೂ ಅದೇ ಮುಂಜಾನೆ 108 ಆಗಿ ಕಂಟ್ರೋಲರ್ ಸುಟ್ಟುಹೋಗುತ್ತದೆ. ಆಗ ಎರಡೆರಡನ್ನು ಸರಣಿಯಲ್ಲಿಟ್ಟು ಆ ಜೋಡಿಗಳನ್ನು ಸಮಾಂತರವಾಗಿ ಕೂಡಿಸಬೇಕು.

ಎಂಟನೆಯ ಹೆಜ್ಜೆ: ತಂತಿ ಮತ್ತು ಫ್ಯೂಸ್

12 ವೋಲ್ಟ್ ಫ್ರಿಜ್ ಕೈಕೊಟ್ಟಿತು ಎಂಬ ದೂರುಗಳಲ್ಲಿ ಹಲವಕ್ಕೆ ಕಾರಣ ಫ್ರಿಜ್ ಅಲ್ಲ, ಅದಕ್ಕೆ ಹೋಗುವ ಸಪೂರ ತಂತಿ. ಇಂಥ ಫ್ರಿಜ್‌ಗಳಲ್ಲಿ ಬಹಳ ಬಳಕೆಯಲ್ಲಿರುವ ಡ್ಯಾನ್‌ಫಾಸ್ ಕಂಪನಿ ಮೂಲದ ಕಂಪ್ರೆಸರ್‌ಗಳು ವೋಲ್ಟೇಜ್ 10.4ಕ್ಕೆ ಇಳಿದರೆ ನಿಂತುಬಿಡುತ್ತವೆ, ಮತ್ತೆ ಹೊರಡಲು 11.7 ಬೇಕು. ಬ್ಯಾಟರಿಯಿಂದ ಫ್ರಿಜ್‌ಗೆ ಎಂಟು ಮೀಟರ್ ದೂರವಿದ್ದು 14 ಗೇಜ್ ತಂತಿ ಎಳೆದಿದ್ದರೆ, ಆರು ಆಂಪಿಯರ್ ಹರಿಯುವಾಗ ಹೋಗಿಬರುವ ದಾರಿಯಲ್ಲಿ 0.8 ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿಯಲ್ಲಿ ಇನ್ನೂ ಕಸುವಿದ್ದರೂ ಫ್ರಿಜ್ ಅದು ಖಾಲಿಯಾಯಿತೆಂದು ಭಾವಿಸಿ ನಿಲ್ಲುತ್ತದೆ. ಅದಕ್ಕಿಂತ ದಪ್ಪನೆಯ 10 ಗೇಜ್ ತಂತಿ ಹಾಕಿದರೆ ನಷ್ಟ 0.3 ವೋಲ್ಟ್‌ಗೆ ಇಳಿಯುತ್ತದೆ. ಫ್ರಿಜ್‌ಗೆ ಪ್ರತ್ಯೇಕ ತಂತಿಯನ್ನೇ ಎಳೆಯಿರಿ, ದೀಪದ ತಂತಿಯಿಂದ ಕವಲು ತೆಗೆಯಬೇಡಿ.

ಫ್ಯೂಸ್ ಇರುವುದು ಉಪಕರಣಕ್ಕಿಂತ ಮೊದಲು ತಂತಿಯ ರಕ್ಷಣೆಗೆ, ಹಾಗಾಗಿ ಅದು ಬ್ಯಾಟರಿಯ ಧನ ತುದಿಗೆ ಆದಷ್ಟು ಹತ್ತಿರ ಇರಬೇಕು. ಲಿಥಿಯಂ ಬ್ಯಾಟರಿಯ ಮುಖ್ಯ ತಂತಿಗೆ ಕ್ಲಾಸ್-ಟಿ ಫ್ಯೂಸ್ ಹಾಕಿ. ಶಾರ್ಟ್ ಆದಾಗ ಅದರಿಂದ ನುಗ್ಗುವ ಸಾವಿರಾರು ಆಂಪಿಯರ್ ಪ್ರವಾಹವನ್ನು ಸಾಮಾನ್ಯ ಫ್ಯೂಸ್ ಕಡಿಯಲಾರದು. ಜೋಡಿಸುವಾಗ ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಬ್ಯಾಟರಿಯ ಋಣ ತುದಿಯಲ್ಲಿ ಶಂಟ್ (ಹರಿಯುವ ಕರೆಂಟನ್ನು ಅಳೆಯಲು ನೆರವಾಗುವ ಭಾಗ) ಇರುವ ಬ್ಯಾಟರಿ ಮಾನಿಟರ್ ಒಂದನ್ನು ಸೇರಿಸಿ, ಬಂದದ್ದೆಷ್ಟು ಹೋದದ್ದೆಷ್ಟು ಎಂದು ಅದು ಎಣಿಸುತ್ತದೆ. ಈ ಕೆಲಸಗಳಲ್ಲಿ ಕೈ ಪಳಗಿಲ್ಲದಿದ್ದರೆ ತಂತಿಯ ಭಾಗವನ್ನು ಬಲ್ಲವರಿಗೆ ಒಪ್ಪಿಸಿ.

ಒಂಬತ್ತನೆಯ ಹೆಜ್ಜೆ: ಫ್ರಿಜ್ ಕೂರಿಸುವುದು, ಪರೀಕ್ಷಿಸುವುದು

ಅಬ್ಸಾರ್ಪ್ಷನ್ ಫ್ರಿಜ್ ತೆಗೆದು ಕಂಪ್ರೆಸರ್ ಫ್ರಿಜ್ ಹಾಕುವಾಗ ಪ್ರೊಪೇನ್ ಕೊಳವೆಯನ್ನು ಸರಿಯಾದ ಬಿರಡೆಯಿಂದ ಮುಚ್ಚಿ, ಸೋಪುನೀರು ಹಚ್ಚಿ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹಳೆಯ ಫ್ರಿಜ್‌ಗಾಗಿ ಗೋಡೆಯಲ್ಲೂ ಚಾವಣಿಯಲ್ಲೂ ಇದ್ದ ಗಾಳಿಕಿಂಡಿಗಳನ್ನು ಏನು ಮಾಡಬೇಕೆಂಬುದಕ್ಕೆ ಹೊಸ ಫ್ರಿಜ್‌ನ ಕೈಪಿಡಿಯ ಮಾತೇ ಕೊನೆಯದು. ಸಾಮಾನ್ಯವಾಗಿ ಕಂಪ್ರೆಸರ್‌ನ ಬಿಸಿಗಾಳಿ ಹೊರಹೋಗಲು ದಾರಿ ಬೇಕು, ಆದರೆ ಹೊರಗಿನ ಕಾದ ಗಾಳಿ ಫ್ರಿಜ್‌ನ ಪಕ್ಕಗಳಿಗೆ ತಾಗಬಾರದು. ಪಕ್ಕದ ಸಂದಿಗಳಿಗೆ ಗಟ್ಟಿ ಫೋಮ್ ತುಂಬಿ, ಹಿಂಬದಿ ಮಾತ್ರ ತೆರೆದಿಡಿ.

ಎಲ್ಲ ಮುಗಿದ ಮೇಲೆ ಪ್ರವಾಸಕ್ಕೆ ಹೊರಡುವ ಮೊದಲು ಮನೆಯಂಗಳದಲ್ಲೇ ಎರಡು ಮೂರು ದಿನ ಹೊರಗಿನ ಕರೆಂಟ್ ಕಿತ್ತು ಪರೀಕ್ಷಿಸಿ. ಮೊದಲ ದಿನ ಫ್ರಿಜ್ ಒಂದನ್ನೇ ಓಡಿಸಿ, 24 ಗಂಟೆಯಲ್ಲಿ ಮಾನಿಟರ್ ತೋರಿಸಿದ ಖರ್ಚನ್ನು ಬರೆದುಕೊಳ್ಳಿ. ಖಾಲಿ ಫ್ರಿಜ್‌ನ ಅಂಕಿಗೆ ಬೆಲೆಯಿಲ್ಲ, ಹಾಲು ತರಕಾರಿ ತುಂಬಿ, ಮನೆಯವರೆಲ್ಲ ಎಂದಿನಂತೆ ಬಾಗಿಲು ತೆರೆದು ಮುಚ್ಚಲಿ. ಮರುದಿನ ಉಳಿದ ಬಳಕೆಯನ್ನೂ ಸೇರಿಸಿ. ಬೆಳಗಿನ ಜಾವ ಬ್ಯಾಟರಿಯಲ್ಲಿ ಉಳಿದಿರುವುದು ಶೇಕಡಾ 40ಕ್ಕಿಂತ ಕಡಿಮೆಯಾಗಿದ್ದರೆ ಮೋಡದ ದಿನಕ್ಕೆ ಏನೂ ಮಿಕ್ಕುವುದಿಲ್ಲ, ಇನ್ನೊಂದು ಬ್ಯಾಟರಿ ಸೇರಿಸಿ. ಬೆಳಿಗ್ಗೆ ಸಾಕಷ್ಟು ಉಳಿದಿದ್ದೂ ಒಳ್ಳೆಯ ಬಿಸಿಲಿನ ದಿನ ಸಂಜೆಯೊಳಗೆ ಬ್ಯಾಟರಿ ತುಂಬದಿದ್ದರೆ ಕೊರತೆ ಪ್ಯಾನೆಲ್‌ನದು. ಮೂರನೆಯ ದಿನವೂ ಬಳಕೆ ಹೆಚ್ಚು ಕಂಡರೆ ಪ್ಯಾನೆಲ್ ಕೊಳ್ಳುವ ಮುನ್ನ ಫ್ರಿಜ್‌ನ ಬಾಗಿಲಿನ ರಬ್ಬರ್ ಪಟ್ಟಿಗೆ ಕಾಗದದ ಹಾಳೆಯೊಂದನ್ನು ಸಿಕ್ಕಿಸಿ ಎಳೆದು ನೋಡಿ. ಹಾಳೆ ಸುಲಭವಾಗಿ ಜಾರಿ ಬಂದರೆ ತಂಪು ಸೋರುತ್ತಿರುವುದು ಅಲ್ಲಿಂದ, ಆ ಪಟ್ಟಿಯನ್ನು ಬದಲಿಸಿ ಮತ್ತೆ ಒಂದು ದಿನ ಅಳೆಯಿರಿ.